ಶಾಂಘೈಯಲ್ಲಿ ಒಬ್ಬರೇ ಇರುವಾಗ ಮೊದಲ ದಿನ: ನಾನು ಮಾಡಿಕೊಂಡ ಕ್ರಮ

ಶಾಂಘೈಗೆ ಒಬ್ಬರೇ ಹೊರಟವರು ಏನೇನು ನೋಡಬೇಕು ಅನ್ನುವ ಪಟ್ಟಿಯನ್ನು ಆಮೇಲೆ ಮಾಡಿಕೊಳ್ಳಲಿ, ಮೊದಲು ಫೋನು ಸಿದ್ಧವಾಗಲಿ. ದುಡ್ಡು ಕೊಡುವುದು, ಮೆಟ್ರೊ ಹತ್ತುವುದು, ದಾರಿ ಹುಡುಕುವುದು, ಊಟ ಹೇಳುವುದು ಎಲ್ಲವೂ ಅಲ್ಲಿ ಫೋನಿನಲ್ಲೇ ನಡೆಯುತ್ತದೆ. ಅರ್ಧಕ್ಕರ್ಧ ತಯಾರಿ ಮನೆಯಲ್ಲಿ ಕೂತೇ ಮುಗಿಯಬೇಕು, ಯಾಕೆಂದರೆ ಅಲ್ಲಿ ಇಳಿದ ಮೇಲೆ ನಮ್ಮ ಬ್ಯಾಂಕಿಗೆ ಫೋನ್ ಮಾಡುತ್ತಾ ನಿಂತರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

ನಾನು ಹೊರಡುವ ಹತ್ತು ದಿನ ಮುಂಚೆ ಅಲಿಪೇ ಎಂಬ ಚೀನಾದ ಪಾವತಿ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟಿನ ಫೋಟೊ ಪುಟ ಕೊಟ್ಟು ಗುರುತಿನ ಪರಿಶೀಲನೆ ಮುಗಿಸಿದೆ. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅದೇ ಅನುಕ್ರಮದಲ್ಲಿ ತುಂಬಬೇಕು. ನಮ್ಮ ಕಡೆ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿ ಇರುವುದು ಸಾಮಾನ್ಯ; ಪರಿಶೀಲನೆ ನಿಂತುಹೋದರೆ ಮೊದಲು ನೋಡಬೇಕಾದದ್ದು ಅದನ್ನೇ. ಆಮೇಲೆ ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು ಜೋಡಿಸಿದೆ, ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್. ರೂಪೇ ಕಾರ್ಡನ್ನು ನಂಬಿಕೊಂಡು ಹೋಗಬೇಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ನಮ್ಮ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ 'ಇಂಟರ್‌ನ್ಯಾಷನಲ್' ಒಂದನ್ನೇ ತೆರೆದರೆ ಸಾಲದು, 'ಆನ್‌ಲೈನ್' ಅನ್ನೂ ತೆರೆಯಬೇಕು. ನಾವು ಅಂಗಡಿಯಲ್ಲೇ ನಿಂತು ಕೊಟ್ಟರೂ ಅಲಿಪೇ ಮೂಲಕ ಹೋಗುವ ಹಣ ಬ್ಯಾಂಕಿನ ಲೆಕ್ಕದಲ್ಲಿ ಆನ್‌ಲೈನ್ ವ್ಯವಹಾರ. ಬಹಳ ಜನ ಎಡವುವುದು ಇಲ್ಲಿ.

ದುಡ್ಡು ಕೊಡಲು ವೀಚಾಟ್ ಆ್ಯಪ್ ಇನ್ನೊಂದು ದಾರಿ. ಆದರೆ 2020ರ ಜೂನ್‌ನಲ್ಲಿ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇದೆ, ನಮ್ಮ ಆ್ಯಪ್ ಸ್ಟೋರ್‌ಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಅಲಿಪೇ ಜೊತೆಗೆ 500 ಯುವಾನ್ ನಗದು ಇಟ್ಟುಕೊಂಡೆ, ಅದರಲ್ಲಿ ಹತ್ತು, ಇಪ್ಪತ್ತರ ನೋಟುಗಳೇ ಹೆಚ್ಚು. ಅಂಗಡಿಗಳು ನಗದು ತೆಗೆದುಕೊಳ್ಳಲೇಬೇಕು ಎಂಬ ನಿಯಮವಿದೆ, ಆದರೆ ನೂರರ ನೋಟಿಗೆ ಚಿಲ್ಲರೆ ಅವರ ಹತ್ತಿರ ಇರುವುದಿಲ್ಲ.

ನೆಟ್‌ವರ್ಕ್ ವಿಷಯ ಒಂದು ತಿಳಿದಿರಲಿ. ಚೀನಾದ ಒಳಗೆ ಗೂಗಲ್, ವಾಟ್ಸಾಪ್, ಯೂಟ್ಯೂಬ್ ಯಾವುದೂ ತೆರೆಯುವುದಿಲ್ಲ. ಹೋಟೆಲಿನ ವೈಫೈಯಲ್ಲೂ ಅಷ್ಟೆ. ನಮ್ಮ ಸಿಮ್‌ನ ಇಂಟರ್‌ನ್ಯಾಷನಲ್ ರೋಮಿಂಗ್ ಅಥವಾ ಹೊರದೇಶದ ಟ್ರಾವೆಲ್ ಇ-ಸಿಮ್ (ಚಿಪ್ ಹಾಕದೆ ಫೋನಿನಲ್ಲೇ ಇಳಿಸಿಕೊಳ್ಳುವ ಸಿಮ್) ಇದ್ದರೆ ಡೇಟಾ ಚೀನಾದ ಹೊರಗಿನ ಜಾಲದ ಮೂಲಕ ಹಾದುಹೋಗುವುದರಿಂದ ಇವೆಲ್ಲ ಕೆಲಸ ಮಾಡುತ್ತವೆ. ನಾನು ಡೇಟಾಗೆ ಇ-ಸಿಮ್ ಹಾಕಿ, ಊರಿನ ಸಿಮ್‌ನಲ್ಲಿ ರೋಮಿಂಗ್ ತೆರೆದು ಎಸ್ಸೆಮ್ಮೆಸ್‌ಗೆ ಮಾತ್ರ ಇಟ್ಟುಕೊಂಡೆ. ಆ ಸಿಮ್ ತೆಗೆದಿಟ್ಟರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ, ಓಟಿಪಿ ಬಾರದಿದ್ದರೆ ಕಾರ್ಡು ಇದ್ದೂ ಇಲ್ಲದಂತೆ. ಗೂಗಲ್ ಟ್ರಾನ್ಸ್‌ಲೇಟ್‌ನ ಚೀನೀ ಭಾಷೆಯ ಆಫ್‌ಲೈನ್ ಪ್ಯಾಕ್ ಊರಲ್ಲೇ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್ ತೆರೆದರೂ ದಾರಿಗೆ ಅದು ಬೇಡ. ಚೀನಾ ತನ್ನ ನಕ್ಷೆಗಳಿಗೆ ಬೇರೆಯದೇ ನಿರ್ದೇಶಾಂಕ ಪದ್ಧತಿ ಬಳಸುವುದರಿಂದ, ನಾವು ನಿಂತ ಜಾಗ ನೂರಾರು ಮೀಟರ್ ಪಕ್ಕಕ್ಕೆ ಕಾಣಿಸಬಹುದು. ಚೀನಾದ್ದೇ ನಕ್ಷೆ ಆ್ಯಪ್ ಆದ ಅಮ್ಯಾಪ್ ಅಥವಾ ಐಫೋನಿನ ಆ್ಯಪಲ್ ಮ್ಯಾಪ್ಸ್ ಸರಿಯಾಗಿ ತೋರಿಸುತ್ತವೆ.

ನಾನು ಹಾಂಗ್‌ಕಾಂಗ್ ಮೂಲಕ ಪುಡಾಂಗ್ ವಿಮಾನ ನಿಲ್ದಾಣಕ್ಕೆ ಇಳಿದೆ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಮಿಗ್ರೇಷನ್‌ನಲ್ಲಿ ಬೆರಳಚ್ಚು ಮತ್ತು ಆಗಮನ ಚೀಟಿ ಕೇಳುತ್ತಾರೆ. ಚೀಟಿಯಲ್ಲಿ ಹೋಟೆಲಿನ ವಿಳಾಸ ಬೇಕು.

ಹೊರಗೆ ಬಂದ ತಕ್ಷಣ ಮೆಟ್ರೊ ಕಡೆಗೆ ಓಡದೆ, ನಿಲ್ದಾಣದ ಒಳಗಿನ ಅಂಗಡಿಯಲ್ಲಿ ಒಂದು ನೀರಿನ ಬಾಟಲಿ ಕೊಂಡೆ. ಬಾಯಾರಿಕೆಗಿಂತ ಹೆಚ್ಚಾಗಿ ಅದು ಪರೀಕ್ಷೆ. ಬ್ಯಾಂಕು ಅನುಮಾನ ಪಟ್ಟು ತಡೆಯುವುದಿದ್ದರೆ ಹೆಚ್ಚಾಗಿ ಈ ಮೊದಲ ವ್ಯವಹಾರದಲ್ಲೇ ತಡೆಯುತ್ತದೆ. ಅಲ್ಲಿ ವೈಫೈ, ಎಟಿಎಂ, ಇಂಗ್ಲಿಷ್ ಬಲ್ಲವರು ಎಲ್ಲ ಹತ್ತಿರದಲ್ಲಿರುತ್ತಾರೆ. ಊರೊಳಗಿನ ನೂಡಲ್ಸ್ ಅಂಗಡಿಯಲ್ಲಿ ತಿಂದು ಮುಗಿಸಿದ ಮೇಲೆ ತಡೆದರೆ ಬಹಳ ಕಷ್ಟ. ಕೊಡುವ ವಿಧಾನ ಎರಡು. ಗೋಡೆಯಲ್ಲೋ ಮೇಜಿನ ಮೇಲೋ ಅಂಟಿಸಿದ ಕೋಡ್ ಇದ್ದರೆ ನಾವು ಸ್ಕ್ಯಾನ್ ಮಾಡಿ ಮೊತ್ತ ಹಾಕಬೇಕು. ಅಂಗಡಿಯವರ ಕೈಯಲ್ಲಿ ಸ್ಕ್ಯಾನರ್ ಇದ್ದರೆ ನಮ್ಮ 'ಪೇ' ಪುಟದ ಕೋಡ್ ತೋರಿಸಬೇಕು. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಪ್ರಯೋಜನವಿಲ್ಲ, ಕೋಡ್ ಆಗಾಗ ಬದಲಾಗುತ್ತದೆ. ಒಂದು ಸಲಕ್ಕೆ 200 ಯುವಾನ್ ಒಳಗಿದ್ದರೆ ಅಲಿಪೇ ಶುಲ್ಕವಿಲ್ಲ, ಅದಕ್ಕೆ ಮೇಲಾದರೆ ಶೇ. 3, ವಿದೇಶಿ ವ್ಯವಹಾರಕ್ಕೆ ನಮ್ಮ ಬ್ಯಾಂಕು ಸೇರಿಸುವ ಶುಲ್ಕ (ಮಾರ್ಕಪ್) ಬೇರೆ.

ಊರೊಳಗೆ ಹೋಗಲು ಮೆಟ್ರೊ 2ನೇ ಮಾರ್ಗ ಸಾಕು. ಪೀಪಲ್ಸ್ ಸ್ಕ್ವೇರ್‌ವರೆಗೆ 7 ಯುವಾನ್, ಒಂದು ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ. ಅಯಸ್ಕಾಂತ ಬಲದಿಂದ ಹಳಿಯ ಮೇಲೆ ತೇಲಿ ಓಡುವ ಮ್ಯಾಗ್ಲೆವ್ ರೈಲು ಸುಮಾರು 30 ಕಿ.ಮೀ. ದೂರವನ್ನು 8 ನಿಮಿಷದಲ್ಲಿ ಮುಗಿಸುತ್ತದೆ. ಟಿಕೆಟ್ 50 ಯುವಾನ್, ಅದೇ ದಿನದ ವಿಮಾನದ ಟಿಕೆಟ್ ತೋರಿಸಿದರೆ 40. ಆದರೆ ಅದು ಲಾಂಗ್‌ಯಾಂಗ್ ರೋಡ್‌ನಲ್ಲೇ ನಿಲ್ಲುತ್ತದೆ, ಅಲ್ಲಿಂದ ಮತ್ತೆ 2ನೇ ಮಾರ್ಗವೇ. ದೊಡ್ಡ ಪೆಟ್ಟಿಗೆ ಇದ್ದರೆ ಈ ಬದಲಾವಣೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆಗಮನ ಬಾಗಿಲಲ್ಲಿ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಹತ್ತಿರ ಬರುವವರ ಜೊತೆ ಹೋಗಬಾರದು. ಅಧಿಕೃತ ಟ್ಯಾಕ್ಸಿಗಳ ಸಾಲು ಹೊರಗಿದೆ, ಮೀಟರ್ ಹಾಕುತ್ತಾರೆ.

ಪ್ರತಿ ಮೆಟ್ರೊ ನಿಲ್ದಾಣದಲ್ಲೂ ಬ್ಯಾಗನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಕು. ನೀರಿನ ಬಾಟಲಿ ಇದ್ದರೆ ಒಂದು ಗುಟುಕು ಕುಡಿದು ತೋರಿಸಲು ಹೇಳುವುದುಂಟು. ಅಲಿಪೇಯ ಟ್ರಾನ್ಸ್‌ಪೋರ್ಟ್ ಭಾಗದಲ್ಲಿ ಶಾಂಘೈ ಆರಿಸಿ ಮೆಟ್ರೊ ಕೋಡ್ ಪಡೆದರೆ, ಒಳಹೋಗುವಾಗ ಮತ್ತು ಹೊರಬರುವಾಗ ಅದೇ ಫೋನನ್ನು ಗೇಟಿಗೆ ಹಿಡಿದರೆ ಆಯಿತು. ನಡುವೆ ಬ್ಯಾಟರಿ ಮುಗಿದರೆ ಗೇಟಿನಲ್ಲಿ ಸಿಕ್ಕಿಬೀಳುತ್ತೀರಿ. ಶೇ. 30ಕ್ಕಿಂತ ಕಡಿಮೆ ಇದ್ದಾಗ ನಾನು ಯಂತ್ರದಲ್ಲಿ ಒಂದು ಪ್ರಯಾಣದ ಕಾರ್ಡನ್ನೇ ಕೊಳ್ಳುತ್ತಿದ್ದೆ. ಪವರ್ ಬ್ಯಾಂಕ್ ಒಯ್ಯಿರಿ, ಆದರೆ ಅಲ್ಲಿಂದ ಚೀನಾದ ಒಳಗಿನ ವಿಮಾನ ಹತ್ತುವುದಿದ್ದರೆ ಅದರ ಮೇಲೆ '3ಸಿ' ಎಂಬ ಚೀನಾದ ಸುರಕ್ಷತಾ ಗುರುತು ಅಚ್ಚಾಗಿರಬೇಕು. 2025ರ ಜೂನ್ 28ರಿಂದ ಈ ಗುರುತು ಇಲ್ಲದ್ದನ್ನು ಬಿಡುತ್ತಿಲ್ಲ.

ನಿಲ್ದಾಣದಿಂದ ಹೊರಗೆ ಬರುವಾಗ ಎಕ್ಸಿಟ್ ಸಂಖ್ಯೆ ನೋಡಿಕೊಂಡೇ ಹೊರಡಿ. ಪೀಪಲ್ಸ್ ಸ್ಕ್ವೇರ್‌ನಂಥ ದೊಡ್ಡ ನಿಲ್ದಾಣದಲ್ಲಿ ತಪ್ಪು ಬಾಗಿಲಿನಿಂದ ಹೊರಬಿದ್ದರೆ ಹತ್ತು ಹದಿನೈದು ನಿಮಿಷ ಸುತ್ತು. ರಸ್ತೆ ಹೆಸರುಗಳಲ್ಲಿ ದಿಕ್ಕು ಸೇರಿರುತ್ತದೆ: 'ಲು' ಎಂದರೆ ರಸ್ತೆ, 'ಡೋಂಗ್' ಪೂರ್ವ, 'ಶಿ' ಪಶ್ಚಿಮ, 'ನಾನ್' ದಕ್ಷಿಣ, 'ಬೇಯ್' ಉತ್ತರ, 'ಜೋಂಗ್' ನಡು. ನಾನ್‌ಜಿಂಗ್ ಡೋಂಗ್ ಲು ಮತ್ತು ನಾನ್‌ಜಿಂಗ್ ಶಿ ಲು ಒಂದೇ ಬೀದಿಯ ಎರಡು ಭಾಗ, ಮೆಟ್ರೊ ನಿಲ್ದಾಣಗಳು ಮಾತ್ರ ಬೇರೆ ಬೇರೆ. ಹೋಟೆಲಿನ ಚೀನೀ ಹೆಸರಿಗೂ ಇಂಗ್ಲಿಷ್ ಹೆಸರಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಚೀನೀ ಲಿಪಿಯ ವಿಳಾಸ ಮತ್ತು ಹೋಟೆಲಿನ ಫೋನ್ ನಂಬರನ್ನು ಫೋಟೊ ಆಗಿ ಇಟ್ಟುಕೊಂಡು, ಅದನ್ನೇ ಕಾಗದದ ಮೇಲೂ ಅಚ್ಚು ಹಾಕಿಸಿದ್ದೆ.

ರಸ್ತೆ ದಾಟುವುದನ್ನು ಹೊಸದಾಗಿ ಕಲಿಯಬೇಕು. ಅಲ್ಲಿ ವಾಹನ ಬಲಗಡೆ ಓಡುತ್ತದೆ, ಅಂದರೆ ಮೊದಲು ಎಡಕ್ಕೆ ನೋಡಬೇಕು. ನಮ್ಮ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಕೆಂಪು ದೀಪವಿದ್ದರೂ ಬಲಕ್ಕೆ ತಿರುಗುವ ವಾಹನಗಳಿಗೆ ಹೆಚ್ಚಿನ ಕಡೆ ಅವಕಾಶವಿದೆ, ಹಾಗಾಗಿ ನಡೆಯುವವರ ಹಸಿರು ಇರುವಾಗಲೇ ಅವು ಅಡ್ಡ ಬರುತ್ತವೆ. ಇನ್ನೂ ಅಪಾಯ ಬ್ಯಾಟರಿ ಸ್ಕೂಟರ್‌ನದು. ಸದ್ದೇ ಇಲ್ಲದೆ ಸೈಕಲ್ ದಾರಿಯಲ್ಲಿ ಬರುತ್ತವೆ, ಕೆಲವೊಮ್ಮೆ ಎದುರು ದಿಕ್ಕಿನಿಂದಲೂ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ದಾಟಲೇಬೇಡಿ.

ಹೋಟೆಲಿನವರು ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಪೊಲೀಸರಲ್ಲಿ ನೋಂದಾಯಿಸುತ್ತಾರೆ. ಪರಿಚಯದವರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನಾವೇ ಈ ನೋಂದಣಿ ಮಾಡಿಸಬೇಕು. ಕೊಠಡಿಯ ಪ್ಲಗ್ ಬಗ್ಗೆ ಒಂದು ಮಾತು: ಕರೆಂಟು 220 ವೋಲ್ಟ್, ಹೆಚ್ಚುಕಡಿಮೆ ನಮ್ಮಷ್ಟೇ, ಆದರೆ ತೂತುಗಳು ಚಪ್ಪಟೆ. ಚಪ್ಪಟೆ ಎರಡು ಪಿನ್ನಿನ ಅಡಾಪ್ಟರ್ ಸಾಕು. ನಲ್ಲಿ ನೀರು ಕುಡಿಯಬಾರದು, ಕೊಠಡಿಯ ಕೆಟಲ್‌ನಲ್ಲಿ ಕಾಯಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಊಟವೇ ದೊಡ್ಡ ಕೆಲಸ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. "ವೊ ಚಿ ಸು" ಎಂದರೆ ನಾನು ಸಸ್ಯಾಹಾರಿ. 'ಸು' ಅನ್ನುವಾಗ ದನಿ ಗಟ್ಟಿಯಾಗಿ ಕೆಳಗಿಳಿಯಬೇಕು. ಅಷ್ಟರಿಂದಲೇ ಕೆಲಸವಾಗುವುದಿಲ್ಲ. ಅಡುಗೆಯವರ ಮನಸ್ಸಿನಲ್ಲಿ ಮಾಂಸ ಎಂದರೆ ತುಂಡು. ಚೂರು ಕೊಚ್ಚಿದ ಹಂದಿಮಾಂಸ ಬರೀ ರುಚಿಗೆ ಹಾಕುವ ಸಾಮಗ್ರಿ. ಹುರಿದ ಹುರುಳಿಕಾಯಿ ಪಲ್ಯ ನೋಡಲು ನಮ್ಮ ಬೀನ್ಸ್ ಪಲ್ಯದ ಹಾಗೇ ಇರುತ್ತದೆ, ಆದರೆ ಕಾಯಿಗಳ ನಡುವೆ ರವೆಯಷ್ಟು ಸಣ್ಣ ಕಂದು ಕಾಳುಗಳು ಕಂಡರೆ ಅದು ಕೊಚ್ಚಿದ ಮಾಂಸ. ಮಾಪೊ ತೋಫು ಎಂಬ ಸೋಯಾ ಪನೀರಿನ ಖಾರದ ಪದಾರ್ಥದಲ್ಲೂ ಹಾಗೇ. ಆದ್ದರಿಂದ "ಬು ಯಾವ್ ರೋ" (ಮಾಂಸ ಬೇಡ) ಜೊತೆಗೆ "ಬು ಯಾವ್ ರೋ ಮೋ" (ಕೊಚ್ಚಿದ್ದೂ ಬೇಡ) ಅನ್ನಬೇಕು. ಹಂದಿಕೊಬ್ಬು, ಕೋಳಿ ಪುಡಿ, ಮೀನು, ಮೊಟ್ಟೆ ಬೇಡ ಎಂದು ಚೀನೀಯಲ್ಲಿ ಬರೆಸಿಕೊಂಡ ಚೀಟಿ ಮಾತಿಗಿಂತ ಮೇಲು. ಬೆಳಿಗ್ಗೆ ಬೀದಿ ಬದಿಯ ಹಬೆ ಪೆಟ್ಟಿಗೆಗಳಲ್ಲಿ ಅಣಬೆ ಮತ್ತು ಸೊಪ್ಪು ತುಂಬಿದ ಬನ್ನು ಸಿಗುತ್ತದೆ, 'ತ್ಸಾಯ್ ಬಾವ್' ಎಂದು ಕೇಳಿ. ಮೊದಲ ದಿನದ ಊಟಕ್ಕೆ ನಾನು ಆರಿಸಿದ್ದು ನಾನ್‌ಜಿಂಗ್ ಶಿ ಲು ಮೇಲಿನ ಗೊಂಗ್‌ಡೆಲಿನ್. 1922ರಲ್ಲಿ ಶುರುವಾದ ಸಸ್ಯಾಹಾರಿ ಹೋಟೆಲು ಅದು. ಎಲ್ಲಿ ತಿಂದರೂ ಹೊತ್ತು ನೋಡಿಕೊಳ್ಳಿ: ಮಧ್ಯಾಹ್ನದ ಊಟ ಹನ್ನೊಂದೂವರೆಗೆ, ರಾತ್ರಿಯದು ಐದೂವರೆಗೇ ಶುರು. ನಮ್ಮ ಹಾಗೆ ಒಂಬತ್ತಕ್ಕೆ ಹೋದರೆ ಎಷ್ಟೋ ಕಡೆ ಒಲೆ ಆರಿರುತ್ತದೆ.

ಬೀದಿ ವ್ಯಾಪಾರದಲ್ಲಿ ಬೆರಳ ಲೆಕ್ಕ ಬೇರೆ. ಹೆಬ್ಬೆರಳು ಮತ್ತು ಕಿರುಬೆರಳು ಚಾಚಿದರೆ ಆರು. ಹೆಬ್ಬೆರಳು ಮತ್ತು ತೋರುಬೆರಳು ಚಾಚಿದರೆ ಎಂಟು, ಅದನ್ನು ಎರಡು ಎಂದುಕೊಂಡು ಹಣ ಎಣಿಸಬೇಡಿ.

ಸಂಜೆ ಒಂದೇ ಜಾಗ ಇಟ್ಟುಕೊಳ್ಳಿ, ಹುವಾಂಗ್‌ಪು ನದಿಯ ದಂಡೆಯ ಮೇಲಿನ ಬಂಡ್ ಎಂಬ ನಡಿಗೆ ದಾರಿ. ನಾನ್‌ಜಿಂಗ್ ಡೋಂಗ್ ಲು ನಿಲ್ದಾಣದಿಂದ ನಡೆದೇ ಹೋಗಬಹುದು. ಆ ದಾರಿಯಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿ ಮಾತಾಡಿಸಿ, ಫೋಟೊ ತೆಗೆಸಿಕೊಂಡು, ಚಹಾ ರುಚಿ ನೋಡೋಣ ಬನ್ನಿ ಎಂದು ಕರೆಯುವ ಯುವಕ ಯುವತಿಯರು ಸಿಕ್ಕರೆ ಕೈಮುಗಿದು ಮುಂದೆ ನಡೆಯಿರಿ; ಆ ಚಹಾದ ಬಿಲ್ಲು ಸಾವಿರಾರು ಯುವಾನ್ ಆಗುತ್ತದೆ. ಎದುರು ದಂಡೆಯಲ್ಲಿ 632 ಮೀಟರ್ ಎತ್ತರದ ಶಾಂಘೈ ಟವರ್, ಅದರ ಎಡಕ್ಕೆ 468 ಮೀಟರ್‌ನ ಓರಿಯಂಟಲ್ ಪರ್ಲ್ ಕಾಣುತ್ತವೆ. ಈ ಕಟ್ಟಡಗಳ ದೀಪ ಆರುವವರೆಗೂ ನಿಂತರೆ ಇಡೀ ಜನಸಾಗರ ಒಂದೇ ನಿಲ್ದಾಣಕ್ಕೆ ನುಗ್ಗುತ್ತದೆ, ದೊಡ್ಡ ರಜಾ ದಿನಗಳಲ್ಲಿ ರೈಲುಗಳು ಅಲ್ಲಿ ನಿಲ್ಲದೆಯೇ ಹೋಗುವುದೂ ಉಂಟು. ನಾನು ಒಂಬತ್ತಕ್ಕೇ ಹೊರಟು, ದಕ್ಷಿಣಕ್ಕೆ ನಡೆದು 10ನೇ ಮಾರ್ಗದ ಯೂಯುವಾನ್ ನಿಲ್ದಾಣದಲ್ಲಿ ರೈಲು ಹತ್ತಿದೆ. ಅಲ್ಲಿ ಕೂರಲು ಜಾಗವೂ ಸಿಕ್ಕಿತು.