ಬೆಳಗಿನ ತಂಪಿಗೆ ಹುಲ್ಲುಗುಡ್ಡ, ಮರಳುವಾಗ ನೆರಳಿನ ಕಣಿವೆ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ, ಸನಿವೇಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ರಾಂಚೋ ಸ್ಯಾನ್ ಆಂಟೋನಿಯೊ ಎಂಬ ಸಂರಕ್ಷಿತ ಗುಡ್ಡಗಾಡು ತಾಣ ಹೊಸ ಹೆಸರೇನಲ್ಲ. ಆದರೆ ಅಲ್ಲಿಗೆ ಹೋಗುವ ಬಹಳಷ್ಟು ಮಂದಿ ಡಿಯರ್ ಹಾಲೊ ಫಾರ್ಮ್‌ನ ಆಡು ಕುರಿಗಳನ್ನು ಮಕ್ಕಳಿಗೆ ತೋರಿಸಿ ಬಂದ ದಾರಿಯಲ್ಲೇ ಮರಳುತ್ತಾರೆ. ಫಾರ್ಮ್‌ನಿಂದ ಆಚೆಗೆ ಹುಲ್ಲುಗುಡ್ಡ, ಶಾಪರಲ್ ಎಂಬ ಕುರುಚಲು ಕಾಡು ಮತ್ತು ನೆರಳಿನ ಕಣಿವೆ ಒಂದಾದ ಮೇಲೊಂದು ಎದುರಾಗುವ ಸುತ್ತುಹಾದಿಯೊಂದಿದೆ. ವಾಹನ ನಿಲುಗಡೆಯಿಂದ ಹೊರಟು ಮರಳಿ ಅಲ್ಲಿಗೇ ಬರಲು ಸುಮಾರು ಐದಾರು ಮೈಲಿ ನಡೆಯಬೇಕು, ನಿಧಾನವಾಗಿ ನಡೆದರೆ ಮೂರು ತಾಸು ಹಿಡಿಯಬಹುದು.

ಮೊದಲು ಕಾಲ ನಿರ್ಧರಿಸಿಕೊಳ್ಳಿ. ಇಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಹಾಗಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗುಡ್ಡಗಳು ಹಸಿರಾಗಿದ್ದು, ಆಮೇಲೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗಿನ ಹೊತ್ತೇ ಸರಿ. ಈ ತಾಣವನ್ನು ನೋಡಿಕೊಳ್ಳುವುದು 1972ರಲ್ಲಿ ಮತದಾರರ ಒಪ್ಪಿಗೆಯಿಂದ ರಚನೆಯಾದ ಮಿಡ್‌ಪೆನಿನ್ಸುಲಾ ರೀಜನಲ್ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಸಂಸ್ಥೆ. ಪ್ರವೇಶ ಉಚಿತ, ನಾಯಿಗಳಿಗೆ ಅವಕಾಶವಿಲ್ಲ. 280 ಹೆದ್ದಾರಿಯಿಂದ ಫುಟ್‌ಹಿಲ್ ಕಡೆ ಇಳಿದು ಕ್ರಿಸ್ಟೊ ರೇ ಡ್ರೈವ್ ಹಿಡಿದರೆ ನಿಲುಗಡೆ ಸಿಗುತ್ತದೆ. ವಾರಾಂತ್ಯದಲ್ಲಿ ಅದು ಬೇಗ ತುಂಬುತ್ತದೆ.

ನಿಲುಗಡೆಯಿಂದ ಫಾರ್ಮ್‌ಗೆ ಸುಮಾರು ಒಂದು ಮೈಲಿ, ಹೆಚ್ಚೂಕಡಿಮೆ ಸಮತಟ್ಟಾದ ಹಾದಿ. ಊರಿನಿಂದ ಬಂದಿರುವ ಅಪ್ಪ–ಅಮ್ಮನಿಗೆ ಮಂಡಿನೋವಿದ್ದರೆ ಅವರ ನಡಿಗೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಮುಂದಿನ ಏರು ನಿಜಕ್ಕೂ ಕಡಿದು, ಇಳಿತವಂತೂ ಮಂಡಿಗೆ ಇನ್ನೂ ಕಷ್ಟ.

ಫಾರ್ಮ್ ದಾಟಿದ ಮೇಲೆ ಸುತ್ತನ್ನು ಯಾವ ದಿಕ್ಕಿನಿಂದ ಆರಂಭಿಸಬೇಕೆಂಬುದೇ ಮುಖ್ಯ ಪ್ರಶ್ನೆ. ಹೈ ಮೆಡೊ ಟ್ರೇಲ್ ಹಿಡಿದು ಮೇಲೇರಿ, ವೈಲ್ಡ್‌ಕ್ಯಾಟ್ ಲೂಪ್ ಟ್ರೇಲ್‌ನಲ್ಲಿ ಕಣಿವೆಗೆ ಇಳಿಯಿರಿ ಎಂಬುದು ನನ್ನ ಸಲಹೆ. ಬಯಲು ಹುಲ್ಲುಗುಡ್ಡದಲ್ಲಿ ತಲೆಯ ಮೇಲೆ ನೆರಳಿರುವುದಿಲ್ಲ, ಕುಡಿಯುವ ನೀರೂ ಸಿಗುವುದಿಲ್ಲ. ಆದ್ದರಿಂದ ಆ ಭಾಗವನ್ನು ಬಿಸಿಲೇರುವ ಮುನ್ನವೇ ಮುಗಿಸಿ, ಬಿಸಿಲು ಬಲಿಯುವ ವೇಳೆಗೆ ಓಕ್ ಮತ್ತು ಬೇ ಮರಗಳ ತಂಪಿಗೆ ತಲುಪುವಂತಿರಬೇಕು. ತಲಾ ಎರಡು ಲೀಟರ್ ನೀರು, ಅಗಲ ಅಂಚಿನ ಟೋಪಿ, ಹಿಡಿತವಿರುವ ಬೂಟು ಇರಲಿ. ಕೂಡುಹಾದಿಗಳು ಹಲವಿರುವುದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಪ್ರತಿ ಕವಲಿನಲ್ಲೂ ಫಲಕ ಓದಿ ಮುಂದುವರಿಯಿರಿ.

ಏರು ಮುಗಿದಾಗ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ಭಾಗದ ಊರುಗಳೆಲ್ಲ ಕೆಳಗೆ ಹರಡಿಕೊಂಡಿರುತ್ತವೆ. ಇಲ್ಲಿಂದ ಮುಂದೆ ಕಾಣುವ ಶಾಪರಲ್ ಅನ್ನು ಬರೀ ಪೊದೆಯೆಂದು ದಾಟಿಹೋಗಬೇಡಿ. ಚಮೀಸ್ ಎಂಬ ಗಿಡವನ್ನು ಹತ್ತಿರದಿಂದ ನೋಡಿದರೆ ಸೂಜಿಯಂಥ ಪುಟ್ಟ ಎಲೆಗಳು ಗೊಂಚಲುಗೊಂಚಲಾಗಿ ಕಾಂಡಕ್ಕೆ ಅಂಟಿಕೊಂಡಿರುತ್ತವೆ. ನೀರು ಆರದಂತೆ ಎಲೆಯನ್ನು ಕಿರಿದಾಗಿಸಿಕೊಂಡಿರುವ ಈ ಗಿಡ, ಬಿಸಿಲಿಗೆ ಮುಖ ಮಾಡಿದ ಒಣ ಇಳಿಜಾರಿನಲ್ಲಿ ಬದುಕುವುದು ಹೀಗೆಯೇ. ಎಣ್ಣೆಯ ಅಂಶವಿರುವುದರಿಂದ ಅದು ಬೇಗ ಹೊತ್ತಿಕೊಳ್ಳುತ್ತದೆ, ಸುಟ್ಟ ಮೇಲೆ ಬುಡದಿಂದಲೇ ಮತ್ತೆ ಚಿಗುರುತ್ತದೆ. ಒಂದು ಕಿಡಿಯೂ ಇಲ್ಲಿ ಅಪಾಯ. ಪೊದೆಯೊಳಗಿಂದ, ನೆಲಕ್ಕೆ ಬಿಟ್ಟ ಚೆಂಡು ಪುಟಿಪುಟಿದು ನಿಲ್ಲುವ ಲಯದಲ್ಲಿ ಕೂಗು ಕೇಳಿದರೆ ಅದು ರೆನ್‌ಟಿಟ್. ಹಕ್ಕಿ ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇಳಿಯುವಾಗ, ಮುಟ್ಟಿದರೆ ಮೈ ತುರಿಸುವ ಪಾಯಿಸನ್ ಓಕ್ ಗಿಡದ ಬಗ್ಗೆ ಮೈಯೆಲ್ಲ ಕಣ್ಣಾಗಿರಿ. ಒಂದೇ ತೊಟ್ಟಿನಲ್ಲಿ ಮೂರು ಎಲೆ, ವಸಂತದಲ್ಲಿ ಮಿರುಗುವ ಹಸಿರು, ಬೇಸಿಗೆ ಕಳೆಯುತ್ತಲೇ ಕೆಂಪು. ಹೆಸರಿನಲ್ಲಿ ಓಕ್ ಇದ್ದರೂ ಇದು ಮಾವು, ಗೇರುಗಳ ಕುಟುಂಬಕ್ಕೆ ಸೇರಿದ ಗಿಡ. ಮಾವಿನಕಾಯಿಯ ಸೊನೆ ತಗುಲಿ ತುಟಿ ಸುಟ್ಟುಕೊಂಡವರಿಗೆ, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಕೈ ಬೊಬ್ಬೆಯೆದ್ದದ್ದನ್ನು ಕಂಡ ಕರಾವಳಿಯವರಿಗೆ ಇದರ ಸ್ವಭಾವ ಬೇಗ ಅರ್ಥವಾದೀತು. ಚಳಿಗಾಲದಲ್ಲಿ ಎಲೆ ಉದುರಿದ ಬರಿಯ ಕಡ್ಡಿಯೂ ತುರಿಕೆ ಎಬ್ಬಿಸುತ್ತದೆ. ಹಾಗಾಗಿ ಹಾದಿಯ ನಡುವೆಯೇ ನಡೆಯಿರಿ.

ಕಣಿವೆಯ ನೆರಳಿನಲ್ಲಿ ಮರಗಳ ಬುಡದ ಬಳಿ ಕಡ್ಡಿಗಳ ದೊಡ್ಡ ರಾಶಿಗಳು ಕಾಣುತ್ತವೆ. ಅವು ವುಡ್‌ರ‍್ಯಾಟ್ ಎಂಬ ಇಲಿಗಳು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಮನೆಗಳು. ಕಾಲಿನಿಂದ ಒದ್ದು ನೋಡದಂತೆ ಮಕ್ಕಳಿಗೆ ತಿಳಿಹೇಳಿ. ಹಾದಿಯಲ್ಲಿ ವಿಷಕಾರಿ ರ‍್ಯಾಟಲ್ ಹಾವು ಎದುರಾದರೆ ದೂರ ನಿಂತು ಅದು ಸರಿದು ಹೋಗಲು ಬಿಡಿ. ಪೂಮಾ ಎಂಬ ದೊಡ್ಡ ಕಾಡುಬೆಕ್ಕು ಕಾಣುವುದು ತೀರಾ ಅಪರೂಪ, ಕಂಡರೂ ಓಡಬಾರದು. ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡು, ಕೈ ಮೇಲೆತ್ತಿ ದೊಡ್ಡದಾಗಿ ಕಾಣಿಸಿಕೊಂಡು ಗಟ್ಟಿಯಾಗಿ ಕೂಗಬೇಕು.

ಮನೆ ಮುಟ್ಟಿದ ಕೂಡಲೇ ಸೋಫಾದ ಮೇಲೆ ಕೂರದೆ ಉಟ್ಟ ಬಟ್ಟೆಯನ್ನು ನೇರವಾಗಿ ಒಗೆಯಲು ಹಾಕಿ. ಪಾಯಿಸನ್ ಓಕ್‌ನ ಎಣ್ಣೆ ಬಟ್ಟೆಯಿಂದಲೂ ಮೈಗೆ ಹತ್ತುತ್ತದೆ. ಸೋಪು ಹಚ್ಚಿ ತಣ್ಣೀರಿನಲ್ಲಿ ಕೈಕಾಲು ತೊಳೆಯಿರಿ. ಮಂಗನ ಕಾಯಿಲೆಯಿಂದಾಗಿ ಉಣುಗಿನ ಭಯ ಬಲ್ಲ ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಿಲ್ಲ: ಇಲ್ಲಿನ ಉಣುಗಿನಿಂದ ಲೈಮ್ ಕಾಯಿಲೆ ಬರಬಹುದು. ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಎಲ್ಲವನ್ನೂ ತಡವಿ ನೋಡಿ, ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಮುಂದಿನ ವಾರಗಳಲ್ಲಿ ಜ್ವರವೋ ಹರಡುವ ಕೆಂಪು ಕಲೆಯೋ ಕಾಣಿಸಿಕೊಂಡರೆ ವೈದ್ಯರಿಗೆ ಉಣುಗು ಕಚ್ಚಿದ ದಿನವನ್ನು ತಪ್ಪದೆ ತಿಳಿಸಬೇಕು.