ಬಿಪಿ ಗುಳಿಗೆ ಜಗಲಿ ಮೇಲೆ, ಶುಗರ್ ಗುಳಿಗೆ ರೊಟ್ಟಿ ಬುಟ್ಟಿಯಲ್ಲಿ

ಕೊಪ್ಪಳದಲ್ಲಿ ನನ್ನ ಕ್ಲಿನಿಕ್ ಶುರುವಾಗಿ ಇಪ್ಪತ್ತೆರಡು ವರ್ಷ ಆಯ್ತು. ಬಿಪಿಗೆ ಯಾವ ಗುಳಿಗೆ ಬರೆಯಬೇಕು ಅಂತ ನಾನು ಹೇಳಬೇಕಿಲ್ಲ, ಡಾಕ್ಟರಾದ ನಿಮಗೆಲ್ಲ ಗೊತ್ತು. ಬರೆದ ಗುಳಿಗೆ ದಿನಾ ರೋಗಿಯ ಹೊಟ್ಟೆಗೆ ಹೋಗೋ ಹಾಗೆ ಮಾಡೋದೇ ಕಷ್ಟ. ಅದು ನನಗೆ ಕೈಗೆ ಹತ್ತಿದೆ. ಗುಳಿಗೆಯನ್ನು ಜಗಲಿ ಮೇಲೆ, ಅಂದರೆ ಮನೆಯಲ್ಲಿ ದೇವರನ್ನು ಇಡೋ ಕಟ್ಟೆ ಮೇಲೆ, ಇಡಿಸಿ ಅಂತ ನಾಲ್ಕು ವರ್ಷದ ಹಿಂದೆ ಹೇಳಿದಾಗ ಗೆಳೆಯರು "ಡಾಕ್ಟರಾಗಿ ಜಗಲಿ, ವಿಭೂತಿ ಅಂತೀಯಲ್ಲೋ" ಅಂದಿದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ರೋಗಿಗಳಿಗೂ ಇದನ್ನೇ ಹೇಳಿಕೊಡುತ್ತಿದ್ದಾರೆ.

ಮೊದಲು ದುಡ್ಡು ಹೋದದ್ದು ಹೇಳುತ್ತೇನೆ. ಹುಬ್ಬಳ್ಳಿಯಿಂದ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ತರಿಸಿದೆ. ಒಂದಕ್ಕೆ 45 ರೂಪಾಯಿ ಇರಬೇಕು, 200 ಡಬ್ಬಿ. ಎಲ್ಲ ಪುಕ್ಕಟೆ ಹಂಚಿದೆ. ಎರಡು ತಿಂಗಳ ಮೇಲೆ ಪಕ್ಕದ ಭಾಗ್ಯನಗರದ ಒಂದು ಮನೆಗೆ ಹೋದರೆ ಅಜ್ಜಿ ಅದರಲ್ಲಿ ಸೂಜಿ, ಗುಂಡಿ, ಮೂಗಿನ ನತ್ತು ಇಟ್ಟಿದ್ದಳು. ಅವಳ ತಪ್ಪೇನಿಲ್ಲ, ಡಬ್ಬಿ ಮೇಲೆ ವಾರದ ಹೆಸರು ಇಂಗ್ಲಿಷಿನಲ್ಲಿತ್ತು. ಆಮೇಲೆ ಫೋನ್ ಮಾಡಿ ನೆನಪಿಸೋಕೆ ಅಂತ ತಿಂಗಳಿಗೆ ಆರು ಸಾವಿರ ಕೊಟ್ಟು ಒಬ್ಬ ಹುಡುಗಿಯನ್ನು ಇಟ್ಟೆ. ಗುಳಿಗೆ ತಾಯಿಯದು, ಫೋನ್ ಮಗನ ಕಿಸೆಯಲ್ಲಿ, ಮಗ ಹೊಲದಲ್ಲೋ ಬೆಂಗಳೂರಲ್ಲೋ. ಐದು ತಿಂಗಳಿಗೆ ನಿಲ್ಲಿಸಿದೆ. ಎಲ್ಲ ಸೇರಿ ನಲವತ್ತು ಸಾವಿರದಷ್ಟು ಹೋಯ್ತು, ಹತ್ತು ಜನರಲ್ಲಿ ಮೂರ್ನಾಲ್ಕು ಜನ ಸರಿಯಾಗಿ ತಗೊಳ್ಳುತ್ತಿದ್ದರು, ಅಷ್ಟೇ ಉಳಿದರು.

ದಾರಿ ತೋರಿಸಿದ್ದು ನಮ್ಮ ಅವ್ವ. ನಾನು ಎಂಬಿಬಿಎಸ್‌ಗೆ ಬಳ್ಳಾರಿಗೆ ಹೋದ ಮೇಲೆ ಲಿಂಗ ಕಟ್ಟೋದು ಬಿಟ್ಟವನು. ಅದಕ್ಕೆ ಅವ್ವ ಎರಡು ವರ್ಷ ನನ್ನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಅವಳಿಗೆ ಬಿಪಿ ಬಂದಾಗ ಬೆಳಿಗ್ಗೆ ಏಳಕ್ಕೆ ಗುಳಿಗೆ ಹಿಡಿದು ನಿಲ್ಲುತ್ತಿದ್ದೆ. "ಪೂಜಿ ಆಗ್ದ ಬಾಯಾಗ ನೀರು ಸೈತ ಹಾಕ್ಕೊಳ್ಳಂಗಿಲ್ಲ ತಮ್ಮಾ, ಅಲ್ಲೆ ಇಟ್ಟು ಹೋಗು" ಅನ್ನೋಳು. ಪೂಜೆ ಮುಗಿಯೋದು ಒಂಬತ್ತಕ್ಕೆ, ಅಷ್ಟೊತ್ತಿಗೆ ನಾನು ಕ್ಲಿನಿಕ್ಕಿನಲ್ಲಿ, ಗುಳಿಗೆ ಫ್ರಿಜ್ ಮೇಲೆ. ಒಂದು ದಿನ ಮಧ್ಯಾಹ್ನ ಊಟಕ್ಕೆ ಹೋದಾಗ ಅವಳ ಬಾಯಿ ಒಂದು ಕಡೆ ಸೊಟ್ಟ ಆಗಿತ್ತು, ಬಲಗೈಯಲ್ಲಿ ರೊಟ್ಟಿ ಮುರಿಯೋಕೆ ಬರುತ್ತಿರಲಿಲ್ಲ. ಡಾಕ್ಟರ್ ಮಗನ ಮನೆಯಲ್ಲೇ ತಾಯಿಗೆ ಲಕ್ವ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅತ್ತಿದ್ದೇನೆ, ಹೇಳಿಕೊಳ್ಳೋಕೆ ನಾಚಿಕೆ ಇಲ್ಲ.

ದೇವರು ದೊಡ್ಡವನು, ಮೂರು ತಿಂಗಳಿಗೆ ಕೈ ಬಂತು. ಮನೆಗೆ ಬಂದ ಮೇಲೆ ಅವಳೇ ಅಂದಳು, "ಗುಳಿಗಿ ವಿಭೂತಿ ಗಟ್ಟಿ ಬಾಜೂಕ ಇಡು, ತೀರ್ಥ ತಗೊಂಡ ಕೂಡ್ಲೆ ನುಂಗತೀನಿ." ಅವತ್ತಿಂದ ಒಂದು ದಿನವೂ ತಪ್ಪಿಲ್ಲ. ಹೌದಲ್ವಾ, ಅರವತ್ತು ವರ್ಷ ಒಂದು ದಿನ ಪೂಜೆ ತಪ್ಪಿಸದ ಹೆಂಗಸು ಅದು!

ಅಲ್ಲಿಂದ ಎಲ್ಲರಿಗೂ ಜಗಲಿ ಹೇಳತೊಡಗಿದೆ. ಎಲ್ಲ ಗುಳಿಗೆಗೂ ಹೇಳಿದ್ದು ನನ್ನ ದೊಡ್ಡ ತಪ್ಪು. ಶ್ರಾವಣ ಸೋಮವಾರ, ಉಪವಾಸ ಇದ್ದ ಒಬ್ಬ ರೈತ ಪೂಜೆ ಮುಗಿಸಿ, ನಾನು ಹೇಳಿದ ಹಾಗೆಯೇ ಖಾಲಿ ಹೊಟ್ಟೆಯಲ್ಲಿ ಗ್ಲಿಮೆಪಿರೈಡ್ ಅನ್ನೋ ಶುಗರ್ ಗುಳಿಗೆ ನುಂಗಿ ಗುಡಿಗೆ ಹೊರಟಿದ್ದಾನೆ. ಗುಡಿ ಕಟ್ಟೆ ಮೇಲೆ ಬೆವರಿ ಬಿದ್ದ. ಕರೆದುಕೊಂಡು ಬಂದಾಗ ಶುಗರ್ 41ಕ್ಕೆ ಇಳಿದಿತ್ತು. ಡ್ರಿಪ್ ಹಾಕಿದ ಮೇಲೆ ಎದ್ದು ಕೂತು "ಉಪವಾಸ ಮುರೀತೇನ್ರೀ ಸರ" ಅಂತ ಕೇಳಿದ. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಆಗ ಎರಡು ಜಾಗ ಮಾಡಿದೆ. ಬಿಪಿಯ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಖಾಲಿ ಹೊಟ್ಟೆಗೆ ನಡೆಯುತ್ತವೆ, ಅವು ಜಗಲಿ ಮೇಲೆ. ಥೈರಾಯ್ಡ್ ಗುಳಿಗೆಗಂತೂ ಅದು ಹೇಳಿ ಮಾಡಿಸಿದ ಜಾಗ. ಊಟದ ಜೊತೆ ಬೇಕಾದ ಶುಗರ್ ಗುಳಿಗೆ ರೊಟ್ಟಿ ಬುಟ್ಟಿಯಲ್ಲಿ, ಬಟ್ಟೆಯ ಅಂಚಿಗೆ ಪಿನ್ನು ಹಾಕಿ. ಉಪವಾಸದ ದಿನ ಬುಟ್ಟಿ ತೆರೆಯೋದಿಲ್ಲ, ಗುಳಿಗೆಯೂ ಹೊಟ್ಟೆಗೆ ಹೋಗೋದಿಲ್ಲ. ನಾನು ಏನೂ ನೆನಪಿಸಬೇಕಿಲ್ಲ. ಮುಸ್ಲಿಂ ಮನೆಗಳಲ್ಲಿ ಬಿಪಿ ಗುಳಿಗೆ ಜಾನಮಾಜ್ (ನಮಾಜಿನ ಹಾಸು) ಇಡೋ ಗೂಡಿನಲ್ಲಿ. ರಂಜಾನ್‌ಗೆ ಒಂದು ತಿಂಗಳು ಮುಂಚೆ ಕರೆಸಿ ಡೋಸ್ ಬದಲಿಸಿ ಶುಗರ್ ಗುಳಿಗೆಯನ್ನು ಇಫ್ತಾರಿನ ಖರ್ಜೂರದ ತಟ್ಟೆಗೆ ಸಾಗಿಸುತ್ತೇನೆ. ಇನ್ಸುಲಿನ್ ಮೇಲಿರುವವರಿಗೆ ಇದನ್ನು ಮಾಡಬೇಡಿ, ಅವರ ಲೆಕ್ಕವೇ ಬೇರೆ.

ಸ್ಟ್ರಿಪ್‌ನಿಂದ ಬಿಡಿಸಿ ಇಡಬಾರದು, ನೀರು ಎಣ್ಣೆ ತಾಗಿ ಹಾಳಾಗುತ್ತವೆ. ಮೊಮ್ಮಕ್ಕಳ ಕೈಗೆ ಸಿಗೋ ಜಗಲಿ ಆದರೆ ಬೇಡ. ಇನ್ನೊಂದು ತೊಡಕು ನನಗೆ ಆರು ತಿಂಗಳ ಮೇಲೆ ಗೊತ್ತಾಯ್ತು: ಮುಟ್ಟಾದ ದಿನ, ಸೂತಕದ ದಿನ ಎಷ್ಟೋ ಮನೆಯಲ್ಲಿ ಜಗಲಿ ಮುಟ್ಟೋದಿಲ್ಲ. ನನ್ನ ಹೆಂಡತಿ ಹೇಳಿದ ಮೇಲೆ ತಿಳೀತು, ರೋಗಿಗಳು ಬಾಯಿ ಬಿಟ್ಟಿರಲಿಲ್ಲ. ಅದಕ್ಕೆ ನಾವಿಬ್ಬರೂ ಸೇರಿ ಒಂದು ದಾರಿ ಹುಡುಕಿದ್ದೇವೆ, ಆದರೆ ಅದು ಮನೆ ಮನೆಗೆ ಬೇರೆ. ಬರೆದರೆ ತಪ್ಪು ತಿಳಿಯುತ್ತಾರೆ. ಕ್ಲಿನಿಕ್ಕಿಗೆ ಬನ್ನಿ, ತೋರಿಸುತ್ತೇನೆ.

ಈ ಹುಮ್ಮಸ್ಸಿನಲ್ಲಿ ಉಪ್ಪಿಗೂ ಕೈ ಹಾಕಿದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಅನ್ನೋದು ಲೆಕ್ಕ. ನಾಲ್ಕು ಜನರ ಮನೆಗೆ ಒಂದು ಕಿಲೋ 50 ದಿನ ಬರಬೇಕು. ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ ಅಂದೆ. ಹೆಚ್ಚಿನ ಮನೆಗಳಲ್ಲಿ 25 ದಿನಕ್ಕೆ ಖಾಲಿ. ನಮ್ಮ ಮನೆಯಲ್ಲೇ 30ಕ್ಕೆ ಮುಗೀತು, ಅದೂ ಉಪ್ಪಿನಕಾಯಿಗೆ ಬೇರೆ ಉಪ್ಪು ತಂದಿದ್ದೆವು. ಇನ್ನೂ ಗೆದ್ದಿಲ್ಲ, ಬಿಟ್ಟೂ ಇಲ್ಲ.

ಈಗ ಜಗಲಿಗೆ ಗುಳಿಗೆ ಇಟ್ಟ ನೂರಾ ನಲವತ್ತು ಜನರಲ್ಲಿ ನೂರಕ್ಕೂ ಜಾಸ್ತಿ ಜನ ತಪ್ಪದೆ ತಗೊಳ್ಳುತ್ತಿದ್ದಾರೆ. ನನಗಾದ ಖರ್ಚು ಪಿನ್ನಿನ ದುಡ್ಡು.

ಹೋದ ವರ್ಷ ನನಗೂ ಬಿಪಿ ಬಂತು. ನನ್ನ ಸ್ಟ್ರಿಪ್ಪೂ ಅವ್ವನ ವಿಭೂತಿ ಪಕ್ಕ ಇದೆ. ಗುಳಿಗೆಗೆ ಅಂತ ಹೋದವನು ಈಗ ಅವಳ ಪೂಜೆ ಮುಗಿಯೋವರೆಗೂ ಹತ್ತು ನಿಮಿಷ ಕೂರುತ್ತೇನೆ. ನಂಬಿಕೆ ತಿರುಗಿ ಬಂತಾ ಅಂತ ಹೆಂಡತಿ ಕೇಳುತ್ತಾಳೆ, ಹೌದು ಅನ್ನೋಕೂ ಅಲ್ಲ ಅನ್ನೋಕೂ ನನಗೆ ಆಗಿಲ್ಲ. ಆ ಹತ್ತು ನಿಮಿಷ ಮಾತ್ರ ನಾನು ಯಾರ ಫೋನೂ ಎತ್ತೋದಿಲ್ಲ. ಅವ್ವ ನನ್ನ ಸ್ಟ್ರಿಪ್ ತಗೊಂಡು, ಕಣ್ಣಿಗೆ ಹತ್ತಿರ ಹಿಡಿದು, ಖಾಲಿಯಾದ ಖಾನೆ ಬೆರಳಿಂದ ಮುಟ್ಟಿ ಮುಟ್ಟಿ ಎಣಿಸುತ್ತಾಳೆ. ಆಮೇಲೇ ತೀರ್ಥ.