ಹಿಡಿ ರಾಗಿ, ಆರು ತಿಂಗಳ ಮಾತ್ರೆ

ಶಿಡ್ಲಘಟ್ಟದಲ್ಲಿ ಟಿಬಿ ಬಂದವರ ಮನೆಗಳಿಗೆ ತಿಂಗಳಿಗೊಮ್ಮೆ ದಿನಸಿ ಮುಟ್ಟಿಸುವ ಕೆಲಸವನ್ನು ನಮ್ಮ ಕುಟುಂಬ ಕೆಲವು ವರ್ಷಗಳಿಂದ ಮಾಡುತ್ತಿದೆ. ಕುಟುಂಬ ಅಂದರೆ ನಾನು, ನಮ್ಮ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ನಮ್ಮದು ಸಂಘ ಅಲ್ಲ, ಟ್ರಸ್ಟ್ ಅಲ್ಲ. ಬೋರ್ಡು, ಬ್ಯಾನರು ಏನೂ ಇಲ್ಲ. ಚಿಂತಾಮಣಿ, ಗೌರಿಬಿದನೂರು ಕಡೆಯ ಸಭೆಗಳಿಂದ, ಅಂದರೆ ಚರ್ಚುಗಳಿಂದ, ಬರುವ ಅಕ್ಕಂದಿರು "ನಮಗೂ ಮಾಡಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡೋದು?" ಎಂದು ಕೇಳುತ್ತಿರುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಇದರ ಬೇರು ಇರುವುದು ಅತ್ತೆಯವರ ರಾಗಿ ಡಬ್ಬದಲ್ಲಿ. ಅತ್ತೆ ಬಾಗೇಪಲ್ಲಿ ಕಡೆಯವರು, ಮನೆಮಾತು ತೆಲುಗು. ಅವರ ತಾಯಿ ದಿನಾ ಅಡುಗೆಗೆ ಕೂರುವ ಮೊದಲು ಒಂದು ಹಿಡಿ ಕಾಳು ದೇವರ ಪಾಲು ಎಂದು ತೆಗೆದಿಡುತ್ತಿದ್ದರಂತೆ. ಭಾನುವಾರ ಅದನ್ನು ಚರ್ಚಿಗೆ ತಂದು ಸುರಿಯುತ್ತಿದ್ದರು. ನಮ್ಮ ದೇಶದ ಬೇರೆ ಕಡೆಯೂ ಈ ಪದ್ಧತಿ ಇದೆ. ಮಿಜೋರಾಂನ ಕ್ರೈಸ್ತ ಹೆಂಗಸರು 1910ರಿಂದ ಹೀಗೇ ಹಿಡಿ ಅಕ್ಕಿ ತೆಗೆದಿಡುತ್ತಾ ಬಂದಿದ್ದಾರೆ. ಅಲ್ಲಿನ ಸಭೆಗಳ ಎಷ್ಟೋ ಸೇವೆ ಆ ಅಕ್ಕಿ ಮಾರಿದ ದುಡ್ಡಿನಿಂದ ನಡೆದಿದೆ. ನಮ್ಮ ಕಡೆ ಈಗ ಕವರಿನಲ್ಲಿ ಕಾಣಿಕೆ ಹಾಕುವುದೇ ಜಾಸ್ತಿ. ಕವರ್ ಹಾಕುವುದು ತಪ್ಪು ಅಂತ ಹೇಳುತ್ತಿಲ್ಲ. ಆದರೆ ಅದು ತಿಂಗಳಿಗೊಮ್ಮೆಯ ಕೆಲಸ. ಹಿಡಿ ಕಾಳು ದಿನಾ ನೆನಪು ಮಾಡಿಸುತ್ತದೆ. ಅಡುಗೆಮನೆಯಲ್ಲಿ ನಿಂತಾಗ ಹಸಿದ ಇನ್ನೊಂದು ಮನೆ ಕಣ್ಣ ಮುಂದೆ ಬರುತ್ತದೆ.

ಒಂದು ಸಣ್ಣ ವಿಷಯ. ಹಿಟ್ಟನ್ನು ತೆಗೆದಿಡಬೇಡಿ, ಕಾಳನ್ನೇ ಇಡಿ. ಹಿಟ್ಟು ಬೇಗ ಮುಗ್ಗಲು ಹಿಡಿಯುತ್ತದೆ. ರಾಗಿ ಕಾಳು ಮಾತ್ರ ವರ್ಷಗಟ್ಟಲೆ ಕೆಡುವುದಿಲ್ಲ. ಕೊಡುವ ವಾರ ಗಿರಣಿಗೆ ಹಾಕಿಸಿದರೆ ಸಾಕು.

ಟಿಬಿಯೇ ಯಾಕೆ ಅಂತ ಕೇಳುತ್ತಾರೆ. ನಮ್ಮ ಊರು ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದದ್ದು. ಗೂಡು ಬೇಯಿಸಿ ನೂಲು ಬಿಚ್ಚುವ ಘಟಕಗಳು ಓಣಿ ಓಣಿಯಲ್ಲೂ ಇವೆ. ಅಲ್ಲಿ ಬಿಸಿನೀರಿನ ಹಬೆ, ಬೆಂದ ಹುಳದ ವಾಸನೆ. ಇಕ್ಕಟ್ಟಾದ ಜಾಗದಲ್ಲಿ ಬೆಳಗಿನಿಂದ ನಿಂತು ದುಡಿಯುವ ಹೆಂಗಸರೇ ಹೆಚ್ಚು. ಕೆಲಸ ಮುಗಿಸಿ ಹೋಗುವ ಬಾಡಿಗೆ ಮನೆಗೂ ಎಷ್ಟೋ ಸಲ ಕಿಟಕಿ ಇರುವುದಿಲ್ಲ. ಟಿಬಿ ಗಾಳಿಯಿಂದ ಹರಡುವ ಕಾಯಿಲೆ. ಸರಿಯಾಗಿ ಊಟ ಇಲ್ಲದ ಮೈಯಲ್ಲಿ ಬೇಗ ತಲೆ ಎತ್ತುತ್ತದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ನಮ್ಮ ಬೀದಿಯಲ್ಲೇ ಘಟಕಕ್ಕೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಬಂತು. ಕೆಲಸ ಹೋಯಿತು. ಮನೆಯಲ್ಲಿ ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಟಿಬಿ ತಟ್ಟೆ ಲೋಟದಿಂದ ಹರಡುವುದಿಲ್ಲ. ಆದರೂ ಹಾಗೆ ಮಾಡಿದರು. ಅವಳಿಗಾಗಿ ನಮ್ಮ ಮನೆಯಲ್ಲಿ ರಾತ್ರಿ ಪ್ರಾರ್ಥನೆ ಮಾಡುತ್ತಿದ್ದೆವು. ಒಂದು ದಿನ ಮಗ ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಓದಿದ. ಊಟ ಬಟ್ಟೆ ಇಲ್ಲದವನಿಗೆ ಸಮಾಧಾನದಿಂದ ಹೋಗು ಎಂದು ಹೇಳಿ, ಬೇಕಾದದ್ದು ಕೊಡದೇ ಹೋದರೆ ಏನು ಪ್ರಯೋಜನ ಅನ್ನುವ ಭಾಗ ಅದು. ಓದಿ ಮುಗಿಸಿ, "ಅಜ್ಜಿ ಡಬ್ಬ ತುಂಬಿದೆಯಲ್ಲ, ಕೊಟ್ಟುಬಿಡೋಣ" ಎಂದ.

ಕೊಡುವುದಕ್ಕೂ ಒಂದು ದಾರಿ ಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿದೆವು. ಅವರು ಸರ್ಕಾರದ ನಿಕ್ಷಯ್ ಮಿತ್ರ ಯೋಜನೆ ಬಗ್ಗೆ ಹೇಳಿದರು. ಇದು 2022ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ಸಂಸ್ಥೆಯೇ ಆಗಬೇಕಿಲ್ಲ, ಯಾರು ಬೇಕಾದರೂ ಹೆಸರು ನೋಂದಾಯಿಸಿ ಒಬ್ಬ ರೋಗಿಯ ಪೌಷ್ಟಿಕ ಆಹಾರದ ಹೊಣೆ ಹೊರಬಹುದು. ಕಡಿಮೆ ಅಂದರೆ ಆರು ತಿಂಗಳು ಕೊಡಬೇಕು. ರೋಗಿಯ ಒಪ್ಪಿಗೆ ಇದ್ದರೆ ಮಾತ್ರ ಅವರ ವಿವರ ನಮಗೆ ಸಿಗುತ್ತದೆ. ಈ ನಿಯಮ ನನಗೆ ತುಂಬಾ ಇಷ್ಟ. ಕಾಯಿಲೆ ಅವರದು, ಅದನ್ನು ಯಾರಿಗೆ ಹೇಳಬೇಕು ಅನ್ನುವುದನ್ನೂ ಅವರೇ ತೀರ್ಮಾನಿಸಬೇಕು ಅಲ್ವಾ.

ಏನು ಕೊಡಬೇಕು ಅನ್ನುವುದಕ್ಕೂ ಲೆಕ್ಕ ಇದೆ. ದೊಡ್ಡವರಿಗೆ ತಿಂಗಳಿಗೆ 3 ಕೆಜಿ ಧಾನ್ಯ, ಒಂದೂವರೆ ಕೆಜಿ ಬೇಳೆಕಾಳು, 250 ಗ್ರಾಂ ಎಣ್ಣೆ. ಅದರ ಜೊತೆಗೆ 1 ಕೆಜಿ ಹಾಲಿನ ಪುಡಿ ಅಥವಾ 6 ಲೀಟರ್ ಹಾಲು ಅಥವಾ 1 ಕೆಜಿ ಕಡಲೆಕಾಯಿ ಬೀಜ. ಕೈಲಾದರೆ 30 ಮೊಟ್ಟೆಯನ್ನೂ ಸೇರಿಸಬಹುದು. ಸರ್ಕಾರವೂ ರೋಗಿಯ ಖಾತೆಗೆ ತಿಂಗಳಿಗೆ ದುಡ್ಡು ಹಾಕುತ್ತದೆ. 2018ರಿಂದ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಬ್ಯಾಂಕ್ ಖಾತೆ, ಆಧಾರ್ ಒಂದಕ್ಕೊಂದು ಹೊಂದಿಕೆಯಾಗದೆ ಆ ದುಡ್ಡು ನಿಂತುಹೋಗಿದ್ದರೆ ಕಚೇರಿಗೆ ಜೊತೆಯಲ್ಲಿ ಹೋಗಿ ಸರಿಮಾಡಿಸಿ. ಚೀಲ ಕೊಡುವಷ್ಟೇ ದೊಡ್ಡ ಸಹಾಯ ಇದು.

ನಾವು 3 ಕೆಜಿಗೆ ನಿಲ್ಲಿಸುವುದಿಲ್ಲ. ಇಡೀ ಮನೆಗೆ ಆಗುವಷ್ಟು ಕೊಡುತ್ತೇವೆ. ಮೊದಲ ಮನೆಯಲ್ಲೇ ಇದು ಅರ್ಥವಾಯಿತು. ಆ ತಾಯಿ ಮೊಟ್ಟೆಗಳನ್ನು ಮಕ್ಕಳಿಗೆ ಬೇಯಿಸಿ ಹಾಕಿ, ತಾನು ಸಾರಿನಲ್ಲಿ ಮುದ್ದೆ ನುಂಗಿಕೊಂಡು ಇದ್ದಳು. ಅದನ್ನು ತಪ್ಪು ಅನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಅದರ ಫಲಿತಾಂಶ 2023ರಲ್ಲಿ ಬಂತು. ರೋಗಿಯ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟ ಕಡೆ, ಆ ಮನೆಯ ಬೇರೆಯವರಿಗೆ ಟಿಬಿ ಬರುವುದು ಸುಮಾರು 39 ಶೇಕಡಾ ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವೂ ಕಡಿಮೆ ಇತ್ತು. ಇದನ್ನು ಓದಿ ನನಗೆ ಎಷ್ಟೋ ಸಮಾಧಾನವಾಯಿತು. ಒಲೆ ಒಂದೇ, ಪಾತ್ರೆ ಒಂದೇ ಇರುವ ಮನೆಯಲ್ಲಿ ಒಬ್ಬರಿಗೆ ಮಾತ್ರ ಊಟ ಕೊಡಲು ಆಗುವುದಿಲ್ಲ.

ಖರ್ಚಿನ ವಿಷಯ. ಹಿಡಿ ರಾಗಿಯಿಂದ ಧಾನ್ಯದ ಒಂದು ಭಾಗ ಬರುತ್ತದೆ ಅಷ್ಟೇ. ಉಳಿದದ್ದಕ್ಕೆ ನಮ್ಮ ದಶಮಾಂಶದಲ್ಲಿ, ಅಂದರೆ ಸಂಪಾದನೆಯಲ್ಲಿ ದೇವರಿಗೆಂದು ಕೊಡುವ ಹತ್ತನೇ ಒಂದು ಭಾಗದಲ್ಲಿ, ಒಂದು ಪಾಲು ತೆಗೆದಿಡುತ್ತೇವೆ. ಯಜಮಾನರು ಇದನ್ನು ಮೊದಲೇ ಅಯ್ಯನವರ, ಅಂದರೆ ನಮ್ಮ ಚರ್ಚಿನ ಪಾದ್ರಿಗಳ, ಹತ್ತಿರ ಹೋಗಿ ಹೇಳಿದರು. ಸಭೆಗೆ ಹೋಗಬೇಕಾದ ದುಡ್ಡು, ಮುಚ್ಚಿಟ್ಟು ಮಾಡುವುದು ಸರಿಯಲ್ಲ ಅಂತ ಅವರ ಅಭಿಪ್ರಾಯ. ಅಯ್ಯನವರು ಸಂತೋಷದಿಂದ ಒಪ್ಪಿದರು. ಸುಗ್ಗಿ ಹಬ್ಬದ ದಿನ ಚರ್ಚ್ ಮುಂದೆ ಕುಂಬಳಕಾಯಿ, ಕೋಳಿ, ತೆಂಗಿನಕಾಯಿ ಹರಾಜು ಆಗುತ್ತದಲ್ಲ, ಅದರಲ್ಲೂ ಒಂದಷ್ಟು ಇದಕ್ಕೆ ಕೊಡಿಸಿದರು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನ 40 ದಿನ ನಮ್ಮ ಮನೆಯಲ್ಲಿ ಬಾಡೂಟ ಇಲ್ಲ. ಆ ದುಡ್ಡು ಮೊಟ್ಟೆಗೆ ಹೋಗುತ್ತದೆ. ಇದು ಮಗಳ ಸಲಹೆ. ಉಪವಾಸ ಮಾಡಿ ಉಳಿದ ದುಡ್ಡನ್ನು ಈಸ್ಟರ್ ಬಟ್ಟೆಗೆ ಹಾಕಿದರೆ ಅದು ಉಪವಾಸ ಹೇಗಾಗುತ್ತದೆ ಎಂದು ಕೇಳಿದಳು.

ಮನೆ ಪ್ರಾರ್ಥನೆ ಬಗ್ಗೆ ಸ್ವಲ್ಪ ಹೇಳಬೇಕು. ಈ ಸೇವೆ ನಿಂತಿರುವುದೇ ಅದರ ಮೇಲೆ. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಚಾಪೆ ಮೇಲೆ ಕೂರುತ್ತೇವೆ. ಅತ್ತೆ ಒಂದು ಹಾಡು ಎತ್ತುತ್ತಾರೆ, ಒಂದು ದಿನ ತೆಲುಗು, ಒಂದು ದಿನ ಕನ್ನಡ. ಮಕ್ಕಳಲ್ಲಿ ಒಬ್ಬರು ಓದುತ್ತಾರೆ. ಆಮೇಲೆ ಪ್ರಾರ್ಥನೆ. ಎಲ್ಲಾ ಸೇರಿ ಕಾಲು ಗಂಟೆ. ಅದಕ್ಕಿಂತ ಉದ್ದ ಎಳೆಯಬಾರದು ಅನ್ನುವುದು ನನ್ನ ನಂಬಿಕೆ. ಓದುವ ಮಕ್ಕಳು, ದುಡಿದು ಬಂದ ಗಂಡಸು, ಮೊಣಕಾಲು ನೋವಿನ ಮುದುಕಿ, ಎಲ್ಲರೂ ನಾಳೆಯೂ ಖುಷಿಯಿಂದ ಬಂದು ಕೂರಬೇಕು. ರೋಗಿಗಳಿಗಾಗಿ ಬೇಡುವಾಗ ಹೆಸರು ಹೇಳುವುದಿಲ್ಲ. "ಮೊದಲನೇ ಮನೆ", "ಎರಡನೇ ಮನೆ" ಅನ್ನುತ್ತೇವೆ. ಮಕ್ಕಳ ಬಾಯಿಂದ ಆಟದ ಮಧ್ಯೆ ಹೆಸರು ಹೊರಗೆ ಬಿದ್ದರೆ ಆ ಮನೆಯ ಹುಡುಗಿಯ ಮದುವೆ ಮಾತೇ ಮುರಿದು ಬೀಳಬಹುದು. ಇದೇ ಕಾರಣಕ್ಕೆ ಚೀಲವನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಒಯ್ಯುವುದಿಲ್ಲ. ಯಜಮಾನರು ಕೆಲಸ ಮುಗಿಸಿ ಬರುವಾಗ ಬೈಕಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಕೆಲವರು ಮನೆಗೆ ಬರಬೇಡಿ ಅನ್ನುತ್ತಾರೆ, ಆಗ ಅವರು ಹೇಳಿದ ಕಡೆ ಕೊಡುತ್ತೇವೆ. ಫೋಟೋ ತೆಗೆಯುವುದಿಲ್ಲ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ, ನಮ್ಮ ಸಭೆಯವರು ಕೇಳಿದರೂ ಇಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಸುವಾರ್ತೆ, ಅಂದರೆ ಯೇಸುಸ್ವಾಮಿಯ ವಿಷಯ, ಹೇಳುತ್ತೀರಾ?

ನಾವು ಶುರು ಮಾಡುವ ಹೊತ್ತಿಗೆ, 2022ರಲ್ಲಿ, ನಮ್ಮ ರಾಜ್ಯದಲ್ಲಿ ಮತಾಂತರದ ಕಾಯಿದೆ ಬಂದಿತ್ತು. ಸಭೆಯಲ್ಲಿ ಕೆಲವರಿಗೆ ಭಯ. ಅಕ್ಕಿ ಕೊಟ್ಟರೂ ಆಮಿಷ ಅಂದುಬಿಡುತ್ತಾರೆ, ಬೇಡ ಅಂದರು. ಇನ್ನು ಕೆಲವರು ಇದಕ್ಕೆ ಉಲ್ಟಾ. ಚೀಲದಲ್ಲಿ ಒಂದು ಕರಪತ್ರ ಇಡಬೇಕು, ಇಲ್ಲದಿದ್ದರೆ ಸುಮ್ನೆ ಸಮಾಜಸೇವೆ ಆಗುತ್ತದೆ ಅಂದರು. ಮನೆಯಲ್ಲಿ ಇದನ್ನು ಪ್ರಾರ್ಥನೆಯಲ್ಲಿಟ್ಟು ಮಾತಾಡಿದೆವು. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಬರುತ್ತಾರೆ. ಹತ್ತೂ ಮಂದಿ ಶುದ್ಧರಾದರು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳಿದನು, ನಿಜ. ಆದರೆ ಅವರಿಗೆ ಕೊಟ್ಟ ಗುಣವನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ನಮಗೆ ಅಷ್ಟು ಸಾಕಾಯಿತು. ಚೀಲದಲ್ಲಿ ದಿನಸಿ ಮಾತ್ರ ಇರುತ್ತದೆ. ಹಾಗೆ ಮಾಡಿದ್ದು ಕಾಯಿದೆಗೆ ಹೆದರಿ ಅಲ್ಲ. ಕೆಮ್ಮಿ ಕೆಮ್ಮಿ ಸುಸ್ತಾದವರು ಊಟಕ್ಕಾಗಿ ನಮ್ಮ ಮಾತಿಗೆ ತಲೆಯಾಡಿಸಿದರೆ, ಅದರಿಂದ ಕರ್ತನಿಗೆ ಮಹಿಮೆ ಬರುವುದಿಲ್ಲ.

ಹಾಗಂತ ನಾವು ಯಾರು ಅನ್ನುವುದನ್ನು ಮುಚ್ಚಿಡುವುದೂ ಇಲ್ಲ. ಒಬ್ಬ ಮುಸ್ಲಿಂ ಹೆಣ್ಣುಮಗಳು ಮೂರನೇ ತಿಂಗಳಲ್ಲಿ ನೇರವಾಗಿ ಕೇಳಿದಳು. "ಅಕ್ಕಾ, ನೀವು ಚರ್ಚಿನವರು ಅಂತ ಗೊತ್ತು. ನಾನು ಅಲ್ಲಿಗೆ ಬರಬೇಕಾ?"

"ಬೇಡಮ್ಮ. ನೀನು ಮಾತ್ರೆ ತಪ್ಪಿಸಬೇಡ, ಅಷ್ಟು ಸಾಕು."

"ಮತ್ತೆ ಯಾಕೆ ಕೊಡ್ತೀರಾ?"

"ಯೇಸುಸ್ವಾಮಿ ನಮ್ಮನ್ನು ಪ್ರೀತಿಸಿದ್ದಾನೆ. ಅದಕ್ಕೇ ಕೊಡ್ತೀವಿ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗಾಗಿ ದುವಾ ಮಾಡಿ" ಅಂದಳು. ಅಲ್ಲೇ ನಿಂತು ಎರಡು ಮಾತು ಪ್ರಾರ್ಥನೆ ಮಾಡಿದೆ. ಅವಳೂ ಕೈ ಎತ್ತಿ ತನ್ನ ರೀತಿಯಲ್ಲಿ ಬೇಡಿಕೊಂಡಳು. ಕೇಳಿದವರಿಗೆ ಸಂತೋಷದಿಂದ ಹೇಳುತ್ತೇನೆ, ಬೇಡಿದವರಿಗಾಗಿ ಪ್ರಾರ್ಥಿಸುತ್ತೇನೆ. ಕೇಳದವರ ಮನೆಗೂ ಅದೇ ತೂಕದ ಚೀಲ ಹೋಗುತ್ತದೆ. ಕ್ರಿಸ್‌ಮಸ್‌ಗೆ ಕಜ್ಜಾಯ, ಚಕ್ಕುಲಿಯನ್ನು ಇಡೀ ಬೀದಿಗೆ ಹಂಚುತ್ತೇವೆ. ರೋಗಿಗಳ ಚೀಲಕ್ಕೆ ಮಾತ್ರ ಅದನ್ನು ಸೇರಿಸುವುದಿಲ್ಲ.

ಮಾತ್ರೆಯ ವಿಷಯದಲ್ಲಿ ನಮ್ಮ ಕೆಲಸ ಚೀಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ದಿನಕ್ಕೆ ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ. ಅದಕ್ಕೇ ಪ್ರತಿ ತಿಂಗಳು ಆರೋಗ್ಯ ಕೇಂದ್ರದಲ್ಲಿ ತೂಕ ನೋಡಿಸಿದಿರಾ ಎಂದು ಕೇಳುತ್ತೇವೆ. ಶುರುವಿನಲ್ಲೇ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಅದು ಮಾತ್ರೆಯ ಬಣ್ಣ ಅಷ್ಟೇ ಅಂತ ಮೊದಲೇ ಹೇಳಿಬಿಟ್ಟರೆ ಹೆದರುವುದಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.

ನಿಜವಾದ ಅಪಾಯ ಎರಡನೇ ತಿಂಗಳಲ್ಲಿ ಬರುತ್ತದೆ. ಕೆಮ್ಮು ನಿಂತಿರುತ್ತದೆ, ಹಸಿವು ಹುಟ್ಟಿರುತ್ತದೆ, ಮುಖಕ್ಕೆ ಕಳೆ ಬಂದಿರುತ್ತದೆ. ವಾಸಿಯಾಯಿತು ಅಂದುಕೊಂಡು ಮಾತ್ರೆ ನಿಲ್ಲಿಸಿ ಘಟಕಕ್ಕೆ ಹೊರಟುಬಿಡುತ್ತಾರೆ. ಅರ್ಧಕ್ಕೆ ಬಿಟ್ಟರೆ ಔಷಧಕ್ಕೇ ಬಗ್ಗದ ಟಿಬಿ ಆಗಬಹುದು. ಆಗ ಚಿಕಿತ್ಸೆ ಇನ್ನೂ ಕಷ್ಟ. ಈ ಹೊತ್ತಿನಲ್ಲಿ ಅತ್ತೆಯವರನ್ನು ಕಳಿಸುತ್ತೇನೆ. ಬುದ್ಧಿ ಹೇಳಲು ಅಲ್ಲ. ಹೋಗಿ ಕೂತು, ಅವರೆಕಾಯಿ ಸುಲಿಯುತ್ತಾ, ಸೊಸೆ ಮೊಮ್ಮಕ್ಕಳ ಮಾತಾಡುತ್ತಾರೆ. ಏಳುವ ಮೊದಲು "ಇವತ್ತಿನ ಮಾತ್ರೆ ಆಯ್ತಾ ಮಗಳೇ?" ಅನ್ನುತ್ತಾರೆ. ಅತ್ತೆಗೆ ಇಲ್ಲ ಎಂದು ಹೇಳುವುದು ಯಾರಿಗೂ ಸುಲಭವಲ್ಲ. ಮನೆಯಲ್ಲಿರುವ ಮಕ್ಕಳಿಗೆ, ಬೇರೆಯವರಿಗೆ ಟಿಬಿ ತಡೆಯುವ ಮಾತ್ರೆಯೂ ಇದೆ. ಪರೀಕ್ಷೆ ಮಾಡಿ ಉಚಿತವಾಗಿ ಕೊಡುತ್ತಾರೆ. ಅದನ್ನು ಕೇಳಿ ಪಡೆಯುವಂತೆ ನೆನಪು ಮಾಡುತ್ತೇವೆ.

ಶುರು ಮಾಡುವವರು ಒಂದೇ ಮನೆ ತೆಗೆದುಕೊಳ್ಳಿ. ಆರು ತಿಂಗಳು ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು. ಹತ್ತು ಮನೆಗೆ ಒಂದು ತಿಂಗಳು ಕೊಟ್ಟು ನಿಲ್ಲಿಸಿದರೆ ಯಾರಿಗೂ ಉಪಯೋಗವಿಲ್ಲ. ರಾಗಿ ಬೀಸಿಸುವ ಮೊದಲು ಆ ಮನೆಯವರು ಏನು ಉಣ್ಣುತ್ತಾರೆ ಎಂದು ಕೇಳಿ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಅಕ್ಕಿ, ಗೋಧಿಯೇ ಜಾಸ್ತಿ ನಡೆಯುತ್ತದೆ. ಅಂಥವರಿಗೆ ಡಬ್ಬದ ರಾಗಿ ಮಾರಿ ಗೋಧಿ ಹಿಟ್ಟು ಕೊಂಡು ಕೊಡುತ್ತೇವೆ. ಕಡಲೆಕಾಯಿ ಬೀಜವನ್ನು ಹುರಿಯದೆ ಕೊಡಿ, ಹುರಿದದ್ದು ಬೇಗ ಕಮಟು ಹಿಡಿಯುತ್ತದೆ. ಮೊಟ್ಟೆಯನ್ನು ತಿಂಗಳಿಗೊಮ್ಮೆ 30 ಕೊಡುವ ಬದಲು ವಾರ ವಾರ ಕೊಟ್ಟರೆ ಒಳ್ಳೆಯದು. ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಮನೆಯಲ್ಲಿ ಕೆಡುವುದಿಲ್ಲ, ವಾರಕ್ಕೊಮ್ಮೆ ಅವರ ಮುಖ ನೋಡಿದ ಹಾಗೂ ಆಗುತ್ತದೆ.